ಸೂಚಕರಿಲ್ಲದ ಅನುಮೋದನೆ

ಪ್ರೀತಿಯ ರಾಕ್ಸಿ,

"ಅಧ್ಯಕ್ಷೆಯವರೆ, ಸಮಿತಿಯ ಸದಸ್ಯರೆ, ದಾಖಲೆಗಾಗಿ ನನ್ನ ಹೆಸರು ಜನೆಲ್ ಹಾಫ್‌ಸ್ಟಾಡ್, ಊರು ಟೋರ್ವಿಕ್." ಈಚಿನ ವರ್ಷಗಳಲ್ಲಿ ನಿನ್ನೊಡನೆ ಮಾತಾಡಲು ನನಗೆ ಉಳಿದಿರುವ ದಾರಿ ಇದೊಂದೇ. ಹೀಗೆ ಶುರು ಮಾಡಬೇಕು, ಮೇಜಿನ ಮೇಲಿನ ಪುಟ್ಟ ದೀಪ ಹಸಿರು ಹೋಗಿ ಹಳದಿಯಾಗಿ ಕೆಂಪಾಗುವಷ್ಟರಲ್ಲಿ ಮುಗಿಸಬೇಕು. ಕಾಗದಕ್ಕೆ ದೀಪವಿಲ್ಲ, ಪುಣ್ಯ. ಇವತ್ತು ಸಮಿತಿಯ ಉಳಿದ ಸದಸ್ಯರನ್ನು ಅವರವರ ಮನೆಗೆ ಕಳಿಸಿ ನಿನ್ನೊಬ್ಬಳಿಗೇ ಬರೆಯುತ್ತಿದ್ದೇನೆ. ನೀನು ಗಡಿಯಾರ ನೋಡಿಕೊಂಡು ಕೆಮ್ಮಿದರೂ ನಾನು ನಿಲ್ಲಿಸುವವಳಲ್ಲ.

ಇಲ್ಲಿ ಮಾರ್ಚ್ ಹೇಗಿರುತ್ತದೆಂದು ನಿನಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಹಿಮ, ಮಧ್ಯಾಹ್ನ ಕೆಸರು, ಸಂಜೆಗೆ ಆ ಕೆಸರೇ ಕಲ್ಲು. ನನ್ನ ಸ್ಕೂಲ್ ಬಸ್ಸು ತಿರುವಿನಲ್ಲಿ ಹೂತುಕೊಂಡಾಗಲೆಲ್ಲ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅವರ ಜೀವನದಲ್ಲಿ ಆಗುವ ಸಂಭ್ರಮ ಅಷ್ಟೇ. ಅಗ್ನಿಶಾಮಕ ಶೆಡ್ಡಿನ ಮುಂದಿನ ಅಕ್ಷರ ಜೋಡಿಸುವ ಫಲಕ ಈಗಲೂ ನನ್ನ ಕೈಯಲ್ಲೇ ಇದೆ. ಕಳೆದ ವಾರ ಚಂದಾ ಎತ್ತುವ ಊಟಕ್ಕೆಂದು "ಶುಕ್ರವಾರ ಸಂಜೆ ಹಾಟ್‌ಡಿಶ್ ಊಟ, ಆಂಬ್ಯುಲೆನ್ಸ್ ಉಳಿಸುವ ಆಟ" ಎಂದು ಜೋಡಿಸಿದ್ದೆ. ನಮ್ಮ ಆಂಬ್ಯುಲೆನ್ಸಿನ ಡ್ವೇನ್ ಬಂದು ನೋಡಿ, "ಆಟ ಯಾಕೆ, ಹೋರಾಟ ಅಂತ ಹಾಕು" ಎಂದ. ಹೋರಾಟಕ್ಕೆ ಸಾಲುವಷ್ಟು ಅಕ್ಷರ ನಮ್ಮ ಡಬ್ಬದಲ್ಲಿ ಇರಲಿಲ್ಲ.

ವಿಷಯ ನಿನಗೆ ಬಾಯಿಪಾಠವಾಗಿದೆ, ಗೊತ್ತು. ಆದರೂ ಒಮ್ಮೆ ನನ್ನ ಬಾಯಲ್ಲಿ ಕೇಳು. ಶಾಸನಸಭೆಯ ನಿನ್ನ ಕಂದಾಯ ಸಮಿತಿಯ ಕಡತದಲ್ಲಿ ಅದು "ಸ್ಥಳೀಯ ಕಂದಾಯ ಮಿತಿಯಿಂದ ಐಚ್ಛಿಕ ವಿನಾಯಿತಿ" ಎಂಬ ಹೆಸರು ಹೊದ್ದು ಮಲಗಿದೆ. ಆ ಹೆಸರು ಓದಿದ ಯಾರಿಗೂ ಎದೆನೋವು ನೆನಪಾಗುವುದಿಲ್ಲ. ಸುತ್ತಲ ಊರುಗಳೆಲ್ಲ ಸೇರಿದ ನಮ್ಮ ಕೌಂಟಿಗೆ ಇರುವುದು ಒಂದೇ ಆಂಬ್ಯುಲೆನ್ಸ್, ಅದನ್ನು ಓಡಿಸುವವರು ಸಂಬಳವಿಲ್ಲದ ನಮ್ಮಂಥವರು. ಒಂದು ಕಾಲಕ್ಕೆ ಶೆಡ್ಡಿನ ಗೋಡೆ ತುಂಬ ನಮ್ಮ ಕೋಟುಗಳು ನೇತಾಡುತ್ತಿದ್ದವು, ನಿನ್ನದೂ ಅಲ್ಲೇ ಇತ್ತು. ಈಗ ಉಳಿದವರು ನಾನು, ಡ್ವೇನ್ ಮತ್ತು ಬ್ಯಾಂಕಿನ ಕಾರ್ಲಾ. ಸ್ಟ್ರೆಚರ್ ಎತ್ತುವಾಗ ರೋಗಿಗಿಂತ ಡ್ವೇನನ ಮಂಡಿ ಜೋರಾಗಿ ನರಳುತ್ತದೆ. ಸಂಬಳ ಕೊಟ್ಟು ಇಬ್ಬರನ್ನಾದರೂ ಇಟ್ಟುಕೊಳ್ಳದಿದ್ದರೆ ಗಾಡಿ ನಿಲ್ಲುತ್ತದೆ. ನಿಂತರೆ ಬೇರೆ ಗಾಡಿ ದೊಡ್ಡ ಆಸ್ಪತ್ರೆಯ ಊರಿನಿಂದ ಬರಬೇಕು, ರಸ್ತೆ ಚೆನ್ನಾಗಿದ್ದರೆ ಒಂದು ಗಂಟೆ. ಉಸಿರು ನಿಂತವನಿಗೆ ಒಂದು ಗಂಟೆ ಎಂದರೆ ಏನೆಂದು ನಾವಿಬ್ಬರೂ ಬಲ್ಲೆವು. ಆ ಎದೆಗಳನ್ನು ಒತ್ತಿದ ಕೈಗಳು ನಮ್ಮವೇ.

ಇದಕ್ಕಾಗಿ ಹೆಚ್ಚು ಆಸ್ತಿ ತೆರಿಗೆ ಕೊಡಲು ಊರಿನವರು ತಯಾರು. ಶೆಡ್ಡಿನಲ್ಲಿ ಸಭೆ ಸೇರಿ ಕೈ ಎತ್ತಿದರು. ಜೀವಮಾನದಲ್ಲಿ ತೆರಿಗೆಗೆ ಕೈ ಎತ್ತದ ಹೆರಾಲ್ಡ್ ಬ್ರಾಟನ್ ಕೂಡ ಎತ್ತಿದ, ಆಮೇಲೆ ಆ ಕೈ ಯಾರದ್ದೋ ಎಂಬಂತೆ ತಿರುಗಿಸಿ ನೋಡಿಕೊಂಡ. ಆದರೆ ಒಂದು ಕೌಂಟಿ ಎಷ್ಟು ತೆರಿಗೆ ಹಾಕಬಹುದೆಂದು ರಾಜ್ಯ ಗೆರೆ ಎಳೆದಿದೆ. ನಮ್ಮ ತಲೆ ಆ ಗೆರೆಗೆ ತಾಗಿ ವರ್ಷಗಳಾದವು. ಗೆರೆ ದಾಟಬೇಕೋ ಬೇಡವೋ ಎಂದು ನಮ್ಮ ಜನರ ಮತಕ್ಕೆ ಬಿಡಬೇಕಾದರೂ ಕಾನೂನು ಬದಲಾಗಬೇಕು. ರಾಜ್ಯದ ಬೊಕ್ಕಸದಿಂದ ನಾವು ಬಿಡಿಗಾಸು ಕೇಳಲಿಲ್ಲ. ನಮ್ಮ ಜೇಬಿಗೆ ನಾವೇ ಕೈ ಹಾಕಿಕೊಳ್ಳಲು ಅಪ್ಪಣೆ ಕೇಳಿದೆವು, ಅಷ್ಟೇ.

ನಾವಿಬ್ಬರೂ ಮೊದಲ ಸಲ ರಾಜಧಾನಿಗೆ ಹೋಗಿದ್ದು ನೆನಪಿದೆಯೆ? ನಿನ್ನ ಗಂಡನ ಪಿಕಪ್ಪಿನಲ್ಲಿ ಹೀಟರ್ ಕೆಟ್ಟಿತ್ತು. ಆಂಬ್ಯುಲೆನ್ಸಿನ ಕಂಬಳಿ ಹೊದ್ದುಕೊಂಡು ಹೋಗಿದ್ದೆವು, ಮಧ್ಯೆ ಪೆಟ್ರೋಲ್ ಬಂಕಿನ ಹುಡುಗಿ ನಮ್ಮನ್ನು ನೋಡಿ "ಯಾರಿಗೆ ಹುಷಾರಿಲ್ಲ?" ಎಂದಿದ್ದಳು. "ರಾಜ್ಯಕ್ಕೆ" ಎಂದಿದ್ದೆ ನೀನು. ಆಗ ನಾವು ಕೇಳಲು ಹೋಗಿದ್ದು ಇನ್ನೂ ಚಿಕ್ಕದು: ಸ್ವಯಂಸೇವಕರ ಆಂಬ್ಯುಲೆನ್ಸಿನ ಡೀಸೆಲ್ ಮೇಲೆ ತೆರಿಗೆ ಬಿಡಿ ಎಂದು. ಇದೇ ಕಂದಾಯ ಸಮಿತಿ, ಇದೇ ಕೋಣೆ, ಇದೇ ಉದ್ದನೆಯ ಮೇಜು. ನೀನು ಮಾತಾಡಿದೆ. ಚೆನ್ನಾಗಿ ಮಾತಾಡಿದೆ. ಆಗಿನ ಅಧ್ಯಕ್ಷ ಕನ್ನಡಕ ಸರಿಮಾಡಿಕೊಂಡು, "ಸಮಿತಿಯ ಇಚ್ಛೆ ಏನು?" ಎಂದು ಕೇಳಿದ. ಯಾರೂ ಉತ್ತರಿಸಲಿಲ್ಲ. ಒಬ್ಬರು ನೀರು ಕುಡಿದರು, ಒಬ್ಬರು ಚಾವಣಿ ನೋಡಿದರು. ಅಧ್ಯಕ್ಷ ನಮ್ಮ ಕಾಗದವನ್ನು ಎಡಗಡೆಯಿಂದ ಎತ್ತಿ ಬಲಗಡೆ ಇಟ್ಟ, ಊಟಕ್ಕೆ ವಿರಾಮ ಎಂದ. ಬಾಗಿಲ ಬಳಿ ನಿಂತಿದ್ದ ಕಾವಲಿನವನನ್ನು ನೀನು ಕೇಳಿದೆ, "ಏನಾಯ್ತಪ್ಪ ಈಗ?" ಅವನು ಬಹಳ ಮರ್ಯಾದೆಯಿಂದ ಹೇಳಿದ, "ಸತ್ತುಹೋಯ್ತಮ್ಮ."

ವಾಪಸು ಬರುವಾಗ ದಾರಿಯುದ್ದಕ್ಕೂ ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆ ಉಗಿಯುತ್ತಿದ್ದೆ ನೀನು, ಒಂದೊಂದು ಸಿಪ್ಪೆಯೂ ಒಬ್ಬೊಬ್ಬ ಶಾಸಕನೆಂಬಂತೆ. ಆಗ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ: "ಲೇ ಜನೆಲ್, ಬೇಡ ಅನ್ನೋಕೂ ಒಬ್ಬನಿಗೂ ಬಾಯಿ ಬರಲಿಲ್ಲ ಕಣೆ! ಬೇಡ ಅಂದಿದ್ರೆ ಜಗಳ ಆಡ್ತಿದ್ದೆ. ಸುಮ್ನೆ ಕೂತೋರ ಹತ್ರ ಹೆಂಗೆ ಜಗಳ ಆಡೋದು? ನೋಡ್ತಿರು, ನಾನು ಆ ಮೇಜಿನ ಆ ಕಡೆ ಹೋಗಿ ಕೂರ್ತೀನಿ." ಮುಂದಿನ ಚುನಾವಣೆಗೆ ನಿಂತೆ. ಕೌಂಟಿಯ ಬೇಲಿಬೇಲಿಗೂ ಕಟ್ಟಿದ ಫಲಕದ ಸಾಲು ನನ್ನದು: "ಸುಮ್ಮನೆ ಕೂರುವವರು ಸಾಕು, ಮಾತಾಡುವ ರಾಕ್ಸಿ ಬೇಕು." ಪ್ರಾಸ ಸುಮಾರಾಗಿತ್ತು, ಫಲಿತಾಂಶ ಭರ್ಜರಿಯಾಗಿತ್ತು. ನೀನು ಗೆದ್ದ ದಿನ ನಿನ್ನ ಆಂಬ್ಯುಲೆನ್ಸ್ ಕೋಟನ್ನು ಗೋಡೆಯಿಂದ ತೆಗೆಯಲು ಡ್ವೇನ್ ಬಿಡಲಿಲ್ಲ. "ಇರಲಿ, ಅಧಿವೇಶನ ಚಳಿಗಾಲದಲ್ಲಿ ಮಾತ್ರ. ಬೇಸಿಗೆಗೆ ಬರ್ತಾಳೆ" ಎಂದ.

ಎರಡು ವರ್ಷಕ್ಕೊಂದು ಚಳಿಗಾಲ ಸಭೆ ಸೇರಿದರೆ ಸಾಕಾಗುವ ರಾಜ್ಯದಲ್ಲಿ ನಡುವಿನ ಕಾಲವೆಲ್ಲ ಅಧ್ಯಯನಕ್ಕೆ ಮೀಸಲು ಎಂದು ನಮಗೆ ಆಗ ತಿಳಿದಿರಲಿಲ್ಲ. ಬೇಸಿಗೆಯಲ್ಲೂ ನೀನು ಬರಲಿಲ್ಲ. ನಿಮಗೆ ಅಧ್ಯಯನ ಇತ್ತು. ಮೆಟ್ಟಿಲು ಮೆಟ್ಟಿಲು ಹತ್ತಿ ಕಂದಾಯ ಸಮಿತಿಗೇ ಅಧ್ಯಕ್ಷೆಯಾದೆ. ನಾವೆಲ್ಲ ಕುಣಿದಾಡಿದೆವು. ಇನ್ನೇನು, ನಮ್ಮ ಮಸೂದೆ ನಮ್ಮ ರಾಕ್ಸಿಯ ಮಡಿಲಿಗೇ ಬಿತ್ತು ಎಂದುಕೊಂಡೆವು.

ಮಡಿಲು ಮೆತ್ತಗಿತ್ತು, ಮಸೂದೆ ನಿದ್ದೆ ಹೋಯಿತು. ಮೊದಲು ಅಧ್ಯಯನ, ಆಮೇಲೆ ಶಯನ.

ನಿನ್ನ ಸಮಿತಿ ಹೇಗೆ ಅಧ್ಯಯನ ಮಾಡುತ್ತದೆಂದು ಹಿಂದಿನ ಬೆಂಚಿನಲ್ಲಿ ಕೂತು ನಾನೂ ಅಧ್ಯಯನ ಮಾಡಿದ್ದೇನೆ. ಬೇಸಿಗೆಯ ಮೊದಲ ಸಭೆಯಲ್ಲಿ ನಿಮ್ಮ ಕಚೇರಿಯ ಹೆಣ್ಣುಮಗಳು ಆರ್ಥಿಕ ಪರಿಣಾಮದ ಟಿಪ್ಪಣಿ ಓದಿದಳು: ಈ ಕ್ರಮದಿಂದ ರಾಜ್ಯದ ಬೊಕ್ಕಸಕ್ಕೆ ಯಾವ ಪರಿಣಾಮವೂ ಇಲ್ಲ. ನಾವು ಹಿಗ್ಗಿದೆವು. ಹಿಗ್ಗಬಾರದಿತ್ತು. ಬೊಕ್ಕಸಕ್ಕೆ ನಷ್ಟವಿದ್ದರೆ ಎಲ್ಲರೂ ಎದ್ದು ಕೂತು ಪ್ರಶ್ನೆ ಕೇಳುತ್ತಾರೆ. ಪರಿಣಾಮವಿಲ್ಲ ಎಂದ ಕೂಡಲೇ ಸದಸ್ಯರೆಲ್ಲ ಒಟ್ಟಿಗೆ ಫೋನು ತೆಗೆದರು. ಎರಡನೇ ಸಭೆಗೆ ಹೊರಗಿನ ಸಲಹೆಗಾರ ಬಂದು ಬಣ್ಣಬಣ್ಣದ ಚಿತ್ರ ತೋರಿಸಿದ. ಬೇರೆ ರಾಜ್ಯಗಳ ನಕ್ಷೆಯಲ್ಲಿ ನಮ್ಮ ಕೌಂಟಿಯನ್ನು ಹುಡುಕುತ್ತ ಡ್ವೇನ್ ಕುತ್ತಿಗೆ ಉಳುಕಿಸಿಕೊಂಡ. ಆಮೇಲೆ ತೆರಿಗೆದಾರರ ಕೂಟದ ಟೈ ಕಟ್ಟಿದ ಮನುಷ್ಯ ಎದ್ದು, "ಇವತ್ತು ಆಂಬ್ಯುಲೆನ್ಸ್, ನಾಳೆ ಈಜುಕೊಳ. ಇದು ಜಾರುವ ಇಳಿಜಾರು, ಮಾನ್ಯರೆ" ಎಂದು ಎಚ್ಚರಿಸಿದ. ಡ್ವೇನ್ ನನ್ನ ಕಿವಿಯಲ್ಲಿ, "ಇಳಿಜಾರು ಎಲ್ಲಿದೆಯಂತೆ? ನಮ್ಮ ಮಕ್ಕಳು ಹಿಮದಲ್ಲಿ ಜಾರೋಕೆ ಕಸದ ಗುಡ್ಡೆ ಹತ್ತಬೇಕು" ಎಂದ. ನಾನು ನಕ್ಕಿದ್ದಕ್ಕೆ ನೀನು ಮೇಲಿನಿಂದ ನೋಡಿದೆ. ಹಳೆಯ ರಾಕ್ಸಿಯಾಗಿದ್ದರೆ ಏನಂದ ಎಂದು ಕೇಳಿ ಜೊತೆಗೆ ನಗುತ್ತಿದ್ದಳು.

ಹೀಗೆ ಫೆಬ್ರವರಿ ಬಂತು. ಯಾವ ಯಾವ ಪ್ರಸ್ತಾವವನ್ನು ಸಮಿತಿ ಮುಂದಿನ ಅಧಿವೇಶನಕ್ಕೆ ಒಯ್ಯುತ್ತದೆ, ಯಾವುದನ್ನು ಕೈಬಿಡುತ್ತದೆ ಎಂದು ತೀರ್ಮಾನಿಸುವ ಸಭೆ. ಡ್ವೇನ್ ಮತ್ತು ನಾನು ಕತ್ತಲಿರುವಾಗಲೇ ಹೊರಟು ಬಂದೆವು. ಕಾರ್ಲಾ ಊರಲ್ಲಿ ಒಬ್ಬಳೇ ಇದ್ದಳು. ಗಾಡಿ ಹೊರಡಬೇಕಾದರೆ ಇಬ್ಬರು ಬೇಕು, ಹಾಗಾಗಿ ನಾವು ನಿನ್ನ ಮುಂದೆ ಕೂತಿದ್ದಷ್ಟು ಹೊತ್ತು ಟೋರ್ವಿಕ್‌ಗೆ ಆಂಬ್ಯುಲೆನ್ಸೇ ಇರಲಿಲ್ಲ. ಅದನ್ನು ನಿಮಗೆ ಹೇಳಬೇಕೆಂದಿದ್ದೆ. ದೀಪ ಹಳದಿಯಾಯಿತು. ಪ್ರಾಸದಲ್ಲಿ ಮಾತ್ರ ಹೇಳಿ ಮುಗಿಸಿದೆ:

ತೆರಿಗೆ ಬೇಡ ಎನ್ನುವವರು ಸಾಲಿನಲ್ಲಿ ನೂರು,
ತೆರಿಗೆ ಹಾಕಿ ಎನ್ನುತ ಬಂದದ್ದು ನಮ್ಮೂರು.
ಕೊಡುವವರು ನಾವೇ, ಕೈ ಹೋಗುವುದು ನಮ್ಮ ಜೇಬಿಗೆ,
ಅಪ್ಪಣೆಯೊಂದನು ಕೇಳಿ ಬಂದೆವು ನಿಮ್ಮ ಮೇಜಿಗೆ.

ನಿಮ್ಮ ಸಮಿತಿಯ ಮುದುಕ ಓರ್ವಿಲ್ ಕ್ನುಟ್ಸನ್ ಒಬ್ಬನೇ ಚಪ್ಪಾಳೆ ತಟ್ಟಿದ. ನೀನು, "ಸಾಕ್ಷಿದಾರರಿಗೆ ಧನ್ಯವಾದ" ಎಂದೆ. ಸಾಕ್ಷಿದಾರರು! ನಿನ್ನ ಮಗನಿಗೆ ಬಸ್ಸಿನಲ್ಲಿ ವಾಂತಿಯಾದಾಗ ನನ್ನ ಟೋಪಿಯಲ್ಲಿ ಹಿಡಿದವಳು ನಾನು, ಮಾರಾಯ್ತಿ.

ಆಮೇಲೆ ನೀನು ಕೇಳಿದೆ. ಅದೇ ಮಾತು, ಅದೇ ಸ್ವರ. "ಸಮಿತಿಯ ಇಚ್ಛೆ ಏನು?"

ಯಾರಾದರೊಬ್ಬರು "ಸೂಚಿಸುತ್ತೇನೆ" ಎನ್ನಬೇಕು, ಇನ್ನೊಬ್ಬರು "ಅನುಮೋದಿಸುತ್ತೇನೆ" ಎನ್ನಬೇಕು, ಆಮೇಲೆ ಮತಕ್ಕೆ ಹಾಕಬೇಕು. ಅಧ್ಯಕ್ಷೆ ತಾನೇ ಸೂಚಿಸುವಂತಿಲ್ಲ. ಕೋಣೆ ಸುಮ್ಮನಾಯಿತು. ಆ ಮೌನ ನನಗೆ ಪರಿಚಯದ್ದು. ಪಿಕಪ್ಪಿನಲ್ಲಿ ನಿನ್ನ ಪಕ್ಕ ಕೂತು ಅದರ ವಿರುದ್ಧ ಬೈಗುಳ ಕೇಳಿದವಳು ನಾನು. ಒಬ್ಬ ನೀರು ಕುಡಿದ. ಇನ್ನೊಬ್ಬ ಚಾವಣಿ ನೋಡಿದ. ಆ ಚಾವಣಿಯಲ್ಲಿ ಅಂಥದ್ದೇನಿದೆಯೋ, ಒಂದು ದಿನ ಏಣಿ ಹಾಕಿಯಾದರೂ ನೋಡಬೇಕು.

ಆಗ ಓರ್ವಿಲ್ ಬಾಯಿ ತೆರೆದ. ಗಟ್ಟಿಯಾಗಿ, ಸ್ಪಷ್ಟವಾಗಿ, "ಅನುಮೋದಿಸ್ತೀನಿ!" ಎಂದ.

ನಿನಗೆ ಗೊತ್ತಲ್ಲ, ಅವನ ಅಭ್ಯಾಸ. ಅಷ್ಟು ವರ್ಷ ಆ ಕುರ್ಚಿಯಲ್ಲಿ ಕೂತು ಕೂತು, ಯಾರು ಏನು ಸೂಚಿಸಿದರೂ ಅನುಮೋದಿಸಿ ಬೇಗ ಊಟಕ್ಕೆ ಏಳುವುದು ಅವನ ಕಸುಬಾಗಿಬಿಟ್ಟಿದೆ. ಅಂದು ಯಾರೂ ಸೂಚಿಸಿಯೇ ಇರಲಿಲ್ಲ. ಮದುಮಗನಿಲ್ಲದ ದಿಬ್ಬಣದ ಹಾಗೆ ಒಂದು ಅನುಮೋದನೆ ಬಂದು ಮೇಜಿನ ನಡುವೆ ನಿಂತುಕೊಂಡಿತು. ಪಕ್ಕದವನು, "ಓರ್ವಿಲ್, ಯಾರೂ ಏನೂ ಸೂಚಿಸಿಲ್ಲ ಕಣಯ್ಯ" ಎಂದ. "ಓ, ಹೌದಾ? ಸರಿ, ನಂದು ತಯಾರಿದೆ, ಸೂಚಿಸೋರು ಬಂದ್ರೆ ಹೇಳಿ" ಎಂದ ಮುದುಕ. ಕೋಣೆಗೆ ಕೋಣೆಯೇ ನಕ್ಕಿತು. ತೆರಿಗೆದಾರರ ಕೂಟದವನು ಟೈ ಸಡಿಲಿಸಿಕೊಂಡು ನಕ್ಕ. ಟಿಪ್ಪಣಿ ಓದಿದ ಹೆಣ್ಣುಮಗಳು ನಕ್ಕಳು. ಡ್ವೇನ್ ಕೂಡ ನಕ್ಕ.

ನಾನು ನಗಲಿಲ್ಲ. ನಾನು ನಿನ್ನ ಬಲಗೈ ನೋಡುತ್ತಿದ್ದೆ.

ಆ ಕೈಯಲ್ಲಿ ಮರದ ಸುತ್ತಿಗೆ ಇತ್ತು. ಅಧ್ಯಕ್ಷೆ ಸೂಚಿಸುವಂತಿಲ್ಲ, ನಿಜ. ಆದರೆ ಆ ಸುತ್ತಿಗೆಯನ್ನು ಉಪಾಧ್ಯಕ್ಷನ ಕೈಗೆ ಕೊಟ್ಟುಬಿಟ್ಟರೆ ಅವಳು ಅಧ್ಯಕ್ಷೆಯಲ್ಲ, ಒಬ್ಬ ಸದಸ್ಯೆ, ಏನು ಬೇಕಾದರೂ ಸೂಚಿಸಬಹುದು. ನಿಮ್ಮ ರೂಢಿ ಅದು. ನೀನೇ ಹೋದ ಬೇಸಿಗೆ ಸಕ್ಕರೆಗೆಡ್ಡೆ ಲಾರಿಗಳ ವಿಷಯಕ್ಕೆ ಹಾಗೆ ಸುತ್ತಿಗೆ ದಾಟಿಸಿ ಸೂಚಿಸಿದ್ದನ್ನು ನಾನು ಹಿಂದಿನ ಬೆಂಚಿನಿಂದ ನೋಡಿದ್ದೇನೆ. ಉಪಾಧ್ಯಕ್ಷ ಗ್ಯಾಲನ್ ನಿನ್ನ ಮೊಣಕೈಗೆ ತಾಗುವ ಹಾಗೆ ಕೂತಿದ್ದ. ಅನುಮೋದನೆ ಆಗಲೇ ಬಂದು ಕಾಯುತ್ತಿತ್ತು. ನಗುವಿನಲ್ಲಿ ಎಲ್ಲರೂ ಮೆತ್ತಗಾಗಿದ್ದರು, ಮತಕ್ಕೆ ಹಾಕಿದ್ದರೆ ಯಾರಿಗೆ ಗೊತ್ತು? ರಾಕ್ಸಿ, ಆ ಸುತ್ತಿಗೆ ನಿನ್ನ ಬೆರಳಲ್ಲಿ ಒಮ್ಮೆ ಅಲ್ಲಾಡಿತು. ಸುಳ್ಳು ಹೇಳಬೇಡ, ಅಲ್ಲಾಡಿತು. ಗ್ಯಾಲನ್ ಕೂಡ ನೋಡಿದ, ಕೈ ಚಾಚಲು ಕಾಫಿಯ ಲೋಟ ಕೆಳಗಿಟ್ಟ.

ನೀನು ಎಲ್ಲರ ಜೊತೆ ನಕ್ಕೆ. ಸುತ್ತಿಗೆ ಬಡಿದೆ. "ಯಾವ ಸೂಚನೆಯೂ ಇಲ್ಲದ ಕಾರಣ ಈ ವಿಷಯವನ್ನು ಪಟ್ಟಿಯಿಂದ ಕೈಬಿಡಲಾಗಿದೆ. ಊಟಕ್ಕೆ ವಿರಾಮ." ಕಾಗದವನ್ನು ಎಡಗಡೆಯಿಂದ ಎತ್ತಿ ಬಲಗಡೆ ಇಟ್ಟೆ.

ಕಾರಿಡಾರಿನಲ್ಲಿ ನನ್ನ ಹಿಂದೆ ಓಡಿಬಂದೆಯಲ್ಲ, ಎತ್ತರದ ಚಪ್ಪಲಿ ಟಕಟಕ ಎನ್ನಿಸಿಕೊಂಡು. "ಜನೆಲ್, ನಿಂತ್ಕೊಳೆ. ಇದು ಸತ್ತಿಲ್ಲ ಕಣೆ. ಮುಂದಿನ ಸಲ ಇನ್ನೂ ಆಳವಾಗಿ ಅಧ್ಯಯನ ಮಾಡೋಣ." ಆಳವಾಗಿ! ನಾವು ಮನುಷ್ಯರನ್ನು ಹೂಳುವುದೂ ಆಳವಾಗಿಯೇ, ಚಳಿಗಾಲದಲ್ಲಿ ನೆಲ ಅಗೆಯಲು ಯಂತ್ರ ತರಿಸಿ. ನೀನು ಸುತ್ತ ನೋಡಿ ದನಿ ತಗ್ಗಿಸಿ ಹೇಳಿದೆ: "ಚುನಾವಣೆ ವರ್ಷ. ತೆರಿಗೆ ಇಳಿಸ್ತೀವಿ ಅಂತ ಪಕ್ಷದೋರು ರಾಜ್ಯದ ತುಂಬ ಫಲಕ ಹಾಕ್ತಿದಾರೆ. ನನ್ನ ಸಮಿತಿಯಿಂದಲೇ ತೆರಿಗೆ ಏರಿಸೋ ಮಸೂದೆ ಹೊರಗೆ ಬಂತು ಅಂದ್ರೆ ನನ್ನ ಕಥೆ ಏನಾಗುತ್ತೆ ಹೇಳು? ಮುಂದಿನ ಸಲ ಸದನದ ನಾಯಕಿ ಸ್ಥಾನ ಸಿಗೋ ಹಾಗಿದೆ. ಸಿಕ್ಕರೆ ನಿಮಗೇ ಒಳ್ಳೇದು. ಸ್ವಲ್ಪ ಕಾಯಿ." ನಾನು ಕೇಳಿದೆ: "ಸಮಿತಿ ಕೈಬಿಟ್ಟರೂ ಯಾರಾದರೂ ಒಬ್ಬ ಶಾಸಕ ಅದನ್ನ ಜನವರಿಯಲ್ಲಿ ಮಂಡಿಸಬಹುದಲ್ವ?" "ಖಂಡಿತ, ಯಾರು ಬೇಕಾದ್ರೂ." "ನಮ್ಮ ಕ್ಷೇತ್ರಕ್ಕೆ ಆ ಯಾರು ಅಂದ್ರೆ ಯಾರು?" ನೀನು, ಕೆಳಗಿನ ಕ್ಯಾಂಟೀನಿನಲ್ಲಿ ರೂಬಾರ್ಬ್ ಪೈ ಚೆನ್ನಾಗಿರುತ್ತದೆ, ತಿಂದು ಹೋಗಿ ಎಂದೆ.

ಡ್ವೇನ್ ತಿಂದ. ಸಿಟ್ಟು ಬಂದಾಗ ಅವನಿಗೆ ಹಸಿವು. ನಾನು ತಿನ್ನಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅವನು ಕೋಟಿನ ಜೇಬನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ನೆಲ ಕೆರೆದು ಹಿಮ ಹಾರಿಸುವ ಗಾಳಿ. ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆ ಜೇಬಿನಲ್ಲಿ ಅವನ ರಾಜೀನಾಮೆ ಪತ್ರ ಇತ್ತು ಎಂದು ಆಮೇಲೆ ತಿಳಿಯಿತು. ಸಮಿತಿ ಹ್ಞೂಂ ಎಂದರೆ ಹೊಸಬರು ಬರುವವರೆಗೆ ಇರುವುದು, ಉಹ್ಞೂಂ ಎಂದರೆ ಅಂದೇ ಕೊಟ್ಟುಬಿಡುವುದು ಎಂದು ಹೆಂಡತಿಗೆ ಮಾತು ಕೊಟ್ಟು ಬಂದಿದ್ದನಂತೆ. ಧಾನ್ಯದ ಗೋಪುರ ಕಾಣಿಸುವಷ್ಟರಲ್ಲಿ ಅವನು ಕೇಳಿದ, "ಅವರು ಹ್ಞೂಂ ಅಂದ್ರೋ ಉಹ್ಞೂಂ ಅಂದ್ರೋ?" ನಾನು, "ಏನೂ ಅನ್ನಲಿಲ್ಲ" ಎಂದೆ. "ಹಾಗಾದ್ರೆ ನಾನೂ ಏನೂ ಅನ್ನಲ್ಲ" ಎಂದು ಗಾಜು ಇಳಿಸಿ ಕಾಗದವನ್ನು ಗಾಳಿಗೆ ಬಿಟ್ಟ. ಪಕ್ಕದ ಕೌಂಟಿಗೆ ಹೋಗಿ ಬಿದ್ದಿರಬೇಕು. ಅಲ್ಲಿನವರೂ ಅಧ್ಯಯನ ಮಾಡಲಿ.

ಅಂದಿನಿಂದ ನಿನ್ನನ್ನು ದ್ವೇಷಿಸಲು ಪ್ರಾಮಾಣಿಕವಾಗಿ ಪ್ರಯತ್ನಪಟ್ಟೆ. ಬಸ್ಸು ಓಡಿಸುವಾಗ ಆಗುವುದಿಲ್ಲ, ಹಿಂದೆ ಮಕ್ಕಳ ಗಲಾಟೆ. ಆಂಬ್ಯುಲೆನ್ಸಿನಲ್ಲಿ ಆಗುವುದಿಲ್ಲ, ಎರಡೂ ಕೈಗೆ ಕೆಲಸ. ಕೊನೆಗೆ ದ್ವೇಷಕ್ಕೆ ಬಿಡುವಿಲ್ಲವೆಂದು ಕೈಬಿಟ್ಟೆ, ಯಾವ ಸೂಚನೆಯೂ ಇಲ್ಲದ ಕಾರಣ. ಆದರೆ ಒಂದು ಮಾತು ಸ್ಪಷ್ಟವಾಗಿರಲಿ. ನೀನು "ಬೇಡ" ಎಂದಿದ್ದರೆ ನಾನು ನಿನ್ನ ಮನೆಗೆ ಬಂದು ಕಿರುಚಾಡಿ, ಕಾಫಿ ಕುಡಿದು, ಮರಳಿ ಬರುತ್ತಿದ್ದೆ. ನಮ್ಮ ಸ್ನೇಹಕ್ಕೆ ಅಷ್ಟು ಗಟ್ಟಿತನ ಇತ್ತು. ನೀನು ಸುಮ್ಮನೆ ಕೂತೆ. ಸುಮ್ಮನೆ ಕೂತವರೊಡನೆ ಜಗಳ ಆಡುವುದು ಹೇಗೆಂದು ನೀನು ಪಿಕಪ್ಪಿನಲ್ಲಿ ಕೇಳಿದ್ದೆಯಲ್ಲ, ಅದಕ್ಕೆ ಉತ್ತರವನ್ನೂ ನೀನೇ ತೋರಿಸಿಕೊಟ್ಟಿದ್ದೆ. ಆ ಮೇಜಿನ ಆ ಕಡೆ ಹೋಗಿ ಕೂರಬೇಕು.

ಜೂನ್ ತಿಂಗಳ ಪಕ್ಷದ ಒಳಚುನಾವಣೆಗೆ ನಿನ್ನ ಎದುರು ನಾನು ನಿಲ್ಲುತ್ತಿದ್ದೇನೆ.

ನಮ್ಮ ಕ್ಷೇತ್ರದಲ್ಲಿ ಪಕ್ಷ ಒಂದೇ, ಗಾಳಿ ಕೂಡ ಅದೇ ಪಕ್ಷದ್ದು. ಜೂನಿನಲ್ಲಿ ಅಭ್ಯರ್ಥಿಯನ್ನು ಮತದಾರರೇ ಆರಿಸುತ್ತಾರೆ, ಅಲ್ಲಿ ಗೆದ್ದವರಿಗೆ ನವೆಂಬರಿನ ಚುನಾವಣೆ ಬರೀ ಔಪಚಾರಿಕ. ಇಲ್ಲಿ ಪಕ್ಕದವರ ಎದುರು ನಿಲ್ಲುವವರು ಮೊದಲು ಅವರ ಅಡುಗೆಮನೆ ಮೇಜಿಗೆ ಹೋಗಿ ಮುಖ ನೋಡಿ ಹೇಳಬೇಕು, ಪತ್ರಿಕೆಯಿಂದ ತಿಳಿಯಬಾರದು. ಮೂರು ಸಲ ನಿನ್ನ ಮನೆಗೆ ಬಂದೆ. ನಿನ್ನ ಗಂಡ ಬಾಗಿಲು ತೆಗೆದು, "ಅವಳು ರಾಜಧಾನಿಯಲ್ಲಿದಾಳೆ, ಒಳಗೆ ಬಾ, ಕಾಫಿ ಇದೆ" ಎಂದ. ಪಾಪ, ಅವನಿಗೆ ಹೇಳಿ ನಿನಗೆ ಹೇಳದಂತೆ ಆಗಬಾರದೆಂದು ಮೂರು ಸಲವೂ ಹವಾಮಾನ ಮಾತಾಡಿ ಬಂದೆ. ಅದಕ್ಕೇ ಈ ಕಾಗದ.

ನನಗೆ ನಾಯಕಿಯಾಗುವುದು ಬೇಡ. ಅಧ್ಯಕ್ಷೆಯಾಗುವುದು ಬೇಡವೇ ಬೇಡ; ಅಧ್ಯಕ್ಷೆಗೆ ಸೂಚಿಸುವ ಹಕ್ಕಿಲ್ಲ. ನನಗೆ ಬೇಕಾದದ್ದು ಆ ಮೇಜಿನ ತುದಿಯ ಒಂದು ಕುರ್ಚಿ, ಒಂದು ಸಾಲು. "ಸೂಚಿಸುತ್ತೇನೆ." ಓರ್ವಿಲನಿಗೆ ಫೋನು ಮಾಡಿ ವಿಚಾರಿಸಿದೆ. "ಅಪ್ಪಾ, ಇನ್ನೊಂದು ಅವಧಿ ಇರ್ತೀಯಲ್ಲ?" ಎಂದರೆ, "ಡಾಕ್ಟರು ಏನೋ ಅಂತಾರೆ, ಆದ್ರೆ ನಂದು ತಯಾರಿದೆ ತಾಯಿ" ಎಂದ. ಸೋತರೂ ನಾನು ಬರುವವಳೇ. ಅಧಿವೇಶನ ನಡೆಯುವ ಅಷ್ಟೂ ದಿನ ಹಿಂದಿನ ಬೆಂಚಿನಲ್ಲಿ ಆಂಬ್ಯುಲೆನ್ಸ್ ಕೋಟು ಹಾಕಿ ಕೂರುತ್ತೇನೆ. ಅಲ್ಲಿಯವರೆಗೆ ಗಾಡಿ ನಿಲ್ಲುವುದಿಲ್ಲ. ಕಾರ್ಲಾ ಬ್ಯಾಂಕಿನಲ್ಲಿ ಮಧ್ಯಾಹ್ನದ ಕೆಲಸ ಬಿಟ್ಟಳು. ಡ್ವೇನನ ಹೆಂಡತಿ ಸಿಟ್ಟಿನಿಂದಲೇ ತರಬೇತಿಗೆ ಸೇರಿದ್ದಾಳೆ: "ಇವರು ಹೇಗೂ ಮನೇಲಿ ಇರಲ್ಲ, ನಾನೇ ಹಿಂದೆ ಕೂತು ಹೋದ್ರೆ ಮುಖನಾದ್ರೂ ನೋಡಬಹುದು." ನೀವು ಕೊಡದ ಅಪ್ಪಣೆಗೆ ಕಾಯುತ್ತ ನಾವು ಯಾರನ್ನೂ ಸಾಯಲು ಬಿಡುವುದಿಲ್ಲ.

ನಿಲ್ಲಲು ಸಹಿಗಳು ಬೇಕಲ್ಲ, ಮನೆಮನೆಗೆ ಹೋದೆ. ಹೆರಾಲ್ಡ್ ಬ್ರಾಟನ್ ಹಾಕಿದ, ಅದೇ ಅನುಮಾನದ ಕೈಯಲ್ಲಿ. ನಿನ್ನ ಅಮ್ಮನ ಬಾಗಿಲು ತಟ್ಟುವ ಉದ್ದೇಶ ನನಗಿರಲಿಲ್ಲ, ದೇವರಾಣೆ. ಅಷ್ಟು ಮರ್ಯಾದೆ ನನಗೂ ಇದೆ. ಬೀದಿಯ ಆ ಬದಿಯಲ್ಲಿ ತಲೆ ತಗ್ಗಿಸಿ ಹೋಗುತ್ತಿದ್ದೆ. ಈವಾ ಆಂಟಿ ಕಿಟಕಿ ತೆಗೆದು ಕೂಗಿದರು, "ಏಯ್, ನಮ್ಮನೆ ಬಿಟ್ಟು ಎಲ್ಲಾ ಕಡೆ ಹೋಗ್ತಿದೀಯಂತೆ, ನನಗೇನು ಬರೆಯೋಕೆ ಬರಲ್ವ?" ಒಳಗೆ ಕರೆದು ಕೂರಿಸಿದರು. ನಾನು, "ಆಂಟಿ, ಇದು ರಾಕ್ಸಿ ಎದುರು" ಎಂದೆ. "ಗೊತ್ತು. ಪೆನ್ ಕೊಡು" ಎಂದರು. ನಿಧಾನವಾಗಿ, ಪೂರ್ತಿ ಹೆಸರು ಬರೆದರು. ಆಮೇಲೆ ಹೇಳಿದ್ದನ್ನು ನಿನಗೆ ತಲುಪಿಸು ಎಂದರು, ತಲುಪಿಸುತ್ತಿದ್ದೇನೆ: "ಓಟು ನನ್ನ ಮಗಳಿಗೇ ಹಾಕ್ತೀನಿ, ಅದು ಬೇರೆ ವಿಷಯ. ಆದ್ರೆ ಕಾಗದದಲ್ಲಿ ಇನ್ನೊಂದು ಹೆಸರು ಇರಲಿ. ಎದುರಿಗೆ ಯಾರೂ ಇಲ್ಲ ಅಂದ್ರೆ ಅವಳು ಚಿಕ್ಕಂದಿನಿಂದ್ಲೂ ಸೋಮಾರಿ."

ಹೊರಡುವಾಗ ಬಾಗಿಲಲ್ಲಿ ನನ್ನ ಕೈ ಹಿಡಿದು ಇನ್ನೊಂದು ಮಾತು ಕೇಳಿದರು, ಮೆಲ್ಲಗೆ: "ಜೂನ್‌ವರೆಗೂ ಗಾಡಿ ಇರುತ್ತಲ್ವಾ?" ಇರುತ್ತದೆ ಎಂದೆ. ಜೂನ್ ಆದಮೇಲೂ ಇರುತ್ತದೆ ಎಂದೆ. ನೀನೂ ನಂಬು.

ಚೆನ್ನಾಗಿರು, ರಾಕ್ಸಿ. ರಸ್ತೆಯಲ್ಲಿ ಎದುರಾದರೆ ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತುತ್ತೇನೆ, ನಮ್ಮೂರ ನಮಸ್ಕಾರ, ನೀನೂ ಎತ್ತು. ಅದಕ್ಕೆ ಯಾರ ಅನುಮೋದನೆಯೂ ಬೇಡ. ದೇವರು ನಿನ್ನ ಎದೆಯನ್ನು ಗಟ್ಟಿಯಾಗಿ ಇಟ್ಟಿರಲಿ. ಎಂದಾದರೂ ಅದು ನೋಯುತ್ತದೆ ಅನ್ನಿಸಿದರೆ, ಸೋತಿದ್ದರೂ ಗೆದ್ದಿದ್ದರೂ, ತಡಮಾಡದೆ ಫೋನು ಮಾಡು. ವರಾಂಡದ ದೀಪ ಹಾಕಿ, ನಾಯಿ ಕಟ್ಟಿ, ಬಾಗಿಲು ತೆರೆದಿಡು. ನಾವು ಬರುತ್ತೇವೆ.

ನಿನ್ನ ಎದುರಾಳಿ, ಹಾಗೂ ನಿನ್ನವಳೇ ಆದ
ಜನೆಲ್